ಖಾಲಿ ಉಳಿದ ಮೂರು ಚೌಕ

ನಮ್ಮ ವೈನಿಗೆ, ಅಂದರೆ ನನ್ನ ಅಣ್ಣನ ಹೆಂಡತಿಗೆ, ಬಿಡಿಸಲಾಗದ ಪದಬಂಧದ ಒಂದು ಸುಳಿವನ್ನು ನಾನು ಬಿಡಿಸಿದ್ದೆ. ಈ ಮಾತನ್ನು ಇಪ್ಪತ್ತೈದು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ತರಗತಿಯಲ್ಲಿ ಹೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಹೇಳಿದ್ದೇನೆ, ಸುರಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತರಿಗೂ ಹೇಳಿದ್ದೇನೆ. ಹೋದ ವರ್ಷ ಯಾದಗಿರಿಯಲ್ಲಿ ಅದನ್ನೇ ಮತ್ತೊಮ್ಮೆ ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಸರ್, ಅವ್ರಿಗೆ ಬರ್ಲಿಲ್ಲಂತ ನಿಮಗ ಹ್ಯಾಂಗ ಗೊತ್ತಾತ್ರಿ? ಕೇಳೀರೇನು?"

ಕೇಳಿರಲಿಲ್ಲ.

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಔಷಧಿ ಅಂಗಡಿಯೊಂದರ ಮಾಳಿಗೆಯ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಸೇರುತ್ತಾರೆ. ಪ್ರತಿ ಭಾನುವಾರ ಬೆಳಿಗ್ಗೆ ಒಂದು ತಾಸು ಅವರಿಗೆ ಪದಬಂಧ ಬಿಡಿಸುವುದನ್ನು ಹೇಳಿಕೊಡುತ್ತೇನೆ. ಪರೀಕ್ಷೆಗೆ ಅದರಿಂದ ಏನೂ ಲಾಭವಿಲ್ಲ. ಆದರೂ ಬರುತ್ತಾರೆ. ಸಾಮಾನ್ಯ ಪದಬಂಧವಲ್ಲ, ಸುಳಿವು ತನ್ನ ಉತ್ತರವನ್ನು ತಾನೇ ಮುಚ್ಚಿಟ್ಟುಕೊಂಡಿರುವ ಬಗೆಯದು. ಉದಾಹರಣೆಗೆ, "ಸೈನ್ಯದ ನಡುವೆ ಗಡಿಯ ಮೊದಲು ಹೊಕ್ಕರೆ ಆಟ", ಮೂರು ಅಕ್ಷರ. ಓದಿದವರಿಗೆ ಯುದ್ಧ ಕಾಣುತ್ತದೆ. ಯುದ್ಧವನ್ನು ಮರೆತು ಪದಗಳನ್ನಷ್ಟೇ ನೋಡಬೇಕು. ಸೈನ್ಯ ಎಂದರೆ ಪಡೆ. ಗಡಿಯ ಮೊದಲು ಎಂದರೆ ಆ ಪದದ ಮೊದಲ ಅಕ್ಷರ, ಗ. ಪಡೆಯ ನಡುವೆ ಗ ಹೊಕ್ಕರೆ ಪಗಡೆ. ಇಷ್ಟು ಹೇಳಿದಾಗ ಮಕ್ಕಳ ಬಾಯಿಂದ ಒಂದು ಉದ್ಗಾರ ಹೊರಡುತ್ತದೆ. ಆ ಉದ್ಗಾರಕ್ಕಾಗಿಯೇ ನಾನಿರುವ ರಂಗಂಪೇಟೆಯಿಂದ ಮೊದಲ ಬಸ್ಸು ಹಿಡಿದು ಹೋಗುತ್ತೇನೆ ಎಂದು ಒಪ್ಪಿಕೊಳ್ಳಬೇಕು.

ಸುರಪುರದ ಕಾಲೇಜಿನಲ್ಲಿ ನಾನು ಕಲಿಸುವುದು ಇತಿಹಾಸ. ಒಬ್ಬನೇ ಹೇಳಿದ ಸಾಕ್ಷ್ಯ, ಅದರಲ್ಲೂ ತನ್ನ ಹೆಗ್ಗಳಿಕೆಗೆ ಹೇಳಿದ ಸಾಕ್ಷ್ಯ, ಅದನ್ನು ನಂಬಬಾರದೆಂದು ಪಾಠ ಮಾಡಿ ಸಂಬಳ ತೆಗೆದುಕೊಳ್ಳುವವನು. ಅಂಥವನ ಜೀವನದ ಒಂದು ಮುಖ್ಯ ಘಟನೆಗೆ ಅವನೊಬ್ಬನೇ ಸಾಕ್ಷಿ. ಹುಡುಗಿಯ ಪ್ರಶ್ನೆಗೆ "ಮುಂದಿನ ವಾರ ಹೇಳ್ತೀನವ್ವ" ಎಂದು ಕೆಳಗಿಳಿದು ಬಂದೆ.

ಮರಳುವ ಬಸ್ಸಿನಲ್ಲಿ ಆ ದಿನವನ್ನು ನೆನೆಯಲು ಕುಳಿತೆ. ನಾನು ಆಗ ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೆ. ಶಹಾಪುರದ ಮನೆಗೆ ರಜೆಗೆಂದು ಬಂದಿದ್ದೆ. ಮಧ್ಯಾಹ್ನದ ಹೊತ್ತು. ಪುರವಣಿಯ ಪದಬಂಧವನ್ನು ವೈನಿ ಪೂರ್ತಿ ತುಂಬಿದ್ದರು, ಮೂರು ಚೌಕ ಬಿಟ್ಟು. ಉತ್ತರ ಒಂದು ಹೂವಿನ ಹೆಸರು. ನಾನು ಎರಡು ನಿಮಿಷ ನೋಡಿ ಪೆನ್ನು ತೆಗೆದು ತುಂಬಿದೆ. ವೈನಿ ನಕ್ಕು, "ಶಾಣ್ಯಾ ಆದಿ ಬಿಡು" ಎಂದರು. ಅಂಗಡಿಯಿಂದ ಊಟಕ್ಕೆ ಬಂದ ಅಣ್ಣ ಬೆನ್ನು ತಟ್ಟಿದ. ಎಲ್ಲರೂ ಕುಳಿತು ಮಾವಿನ ಸೀಕರಣೆ ಉಂಡೆವು. ಇಷ್ಟು ನೆನಪು. ಇದರಲ್ಲಿ ಯಾವುದು ನಡೆದದ್ದು, ಯಾವುದು ಹೇಳಿ ಹೇಳಿ ಸೇರಿಕೊಂಡದ್ದು ಎಂದು ಕೇಳಿಕೊಂಡರೆ ಸೀಕರಣೆಯ ರುಚಿಯೊಂದನ್ನು ಬಿಟ್ಟು ಯಾವುದಕ್ಕೂ ಆಣೆ ಮಾಡಲಾರೆ ಅನಿಸಿತು.

ಆ ಮೂರು ಚೌಕ ನನಗೆ ಯಾಕೆ ಅಷ್ಟು ಮುಖ್ಯವಾಗಿತ್ತು ಎಂದು ತಿಳಿಯಬೇಕಾದರೆ ವೈನಿ ಎಂಥವರೆಂದು ಹೇಳಬೇಕು.

ವೈನಿ ಕೆಂಭಾವಿಯವರು. ಹತ್ತನೇ ಇಯತ್ತೆ ಮುಗಿಸಿ ಮದುವೆಯಾಗಿ ಬಂದರು. ಅಣ್ಣ ತನ್ನ ಬಟ್ಟೆ ಅಂಗಡಿಗೆಂದು ಪತ್ರಿಕೆ ತರಿಸುತ್ತಿದ್ದ, ಭಾನುವಾರದ ಪುರವಣಿಯನ್ನಷ್ಟೇ ಮನೆಗೆ ಕಳಿಸುತ್ತಿದ್ದ. ಅದರಲ್ಲಿ ಪದಬಂಧ. ಅದರ ನಿಯಮಗಳನ್ನು ವೈನಿಗೆ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡಲು ಆ ಓಣಿಯಲ್ಲಿ ಗೊತ್ತಿದ್ದವರೂ ಇರಲಿಲ್ಲ. ಒಂದು ವಾರದ ಸುಳಿವುಗಳನ್ನು ಕತ್ತರಿಸಿ ಇಟ್ಟುಕೊಳ್ಳುವುದು, ಮುಂದಿನ ವಾರ ಅಚ್ಚಾದ ಉತ್ತರವನ್ನು ಪಕ್ಕದಲ್ಲಿಟ್ಟುಕೊಂಡು, ಈ ಸುಳಿವಿಗೆ ಈ ಉತ್ತರ ಹೇಗೆ ಬಂತೆಂದು ಹಿಂದಕ್ಕೆ ನಡೆಯುವುದು. "ಹೊಳೆ ಹಿಂದಕ್ಕೆ ಹರಿದರೆ ಬೆಳಗಿನಿಂದ ಬೆಳಗಿನವರೆಗೆ" ಎಂಬುದಕ್ಕೆ "ದಿನ" ಎಂಬ ಉತ್ತರ ಯಾಕೆಂದು ನಾಲ್ಕು ದಿನ ತಲೆ ಕೆಡಿಸಿಕೊಂಡರಂತೆ. ಐದನೆಯ ದಿನ ಹಂಚಿನ ಮೇಲೆ ರೊಟ್ಟಿ ಹೊಳ್ಳಿಸಿ ಹಾಕುವಾಗ ನದಿ ಎಂಬ ಪದವೂ ಹೊಳ್ಳಿ ಬಿತ್ತು. ಹೀಗೆ ಒಂದೊಂದೇ. ಎರಡು ವರ್ಷ ಹಿಡಿಯಿತು. ವಿಶ್ವವಿದ್ಯಾಲಯದಲ್ಲಿ ನಮಗೆ ಅಳಿದುಹೋದ ಲಿಪಿಗಳನ್ನು ಓದಿದವರ ಬಗ್ಗೆ ಪಾಠವಿತ್ತು. ಆ ಪಾಠ ಕೇಳುವಾಗಲೆಲ್ಲ ನನಗೆ ಕಣ್ಣೆದುರು ಬರುತ್ತಿದ್ದುದು ಶಹಾಪುರದ ಅಡುಗೆಮನೆ.

ಬಿಡಿಸುವ ರೀತಿಯೂ ಬೇರೆ. ಪುರವಣಿ ಬಂದ ಕೂಡಲೇ ಅಷ್ಟೂ ಸುಳಿವುಗಳನ್ನು ಒಂದೇ ಸಲ ಓದಿ ಕಾಗದವನ್ನು ಮಡಚಿ ಗೋಡೆಯ ಮಾಡದಲ್ಲಿಡುತ್ತಿದ್ದರು. ಆಮೇಲೆ ಮುಟ್ಟುತ್ತಿರಲಿಲ್ಲ. ಜೋಳದ ಹಿಟ್ಟು ನಾದುತ್ತ, ರೊಟ್ಟಿ ಬಡಿಯುತ್ತ, ಬಟ್ಟೆ ಹಿಂಡುತ್ತ, ನಡುನಡುವೆ ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣುಗಳನ್ನು ಮುಟ್ಟಿ ಅಕ್ಷರ ಎಣಿಸುತ್ತ ಮನಸ್ಸಿನಲ್ಲೇ ಬಿಡಿಸುತ್ತಿದ್ದರು. ಅಡ್ಡ ಸಾಲಿನ ಪದಕ್ಕೂ ಉದ್ದ ಸಾಲಿನ ಪದಕ್ಕೂ ಎಲ್ಲಿ ಯಾವ ಅಕ್ಷರ ಕೂಡಬೇಕೆಂಬುದೂ ತಲೆಯಲ್ಲೇ. ಮಧ್ಯಾಹ್ನ ಕೈ ಒರೆಸಿಕೊಂಡು ಕುಳಿತು ಪೆನ್ಸಿಲಿನಿಂದ ಒಂದೇ ಉಸಿರಿಗೆ ತುಂಬುವರು. ಅಳಿಸಿದ್ದನ್ನು ನಾನು ನೋಡಿಲ್ಲ. ನಾನು ಆ ಹೊತ್ತಿಗೆ ನಾಲ್ಕು ಪದ ಬಿಡಿಸಿ ಐದನೆಯದಕ್ಕೆ ಪೆನ್ನು ಕಚ್ಚುತ್ತ ಕುಳಿತಿರುತ್ತಿದ್ದೆ.

ಅಂಥವರನ್ನು ಒಂದೇ ಒಂದು ಸಲ ಮೀರಿಸಿದ್ದೆ. ಓದಿದವನು ಎಂಬ ನನ್ನ ಧೈರ್ಯವೆಲ್ಲ ಆ ಒಂದು ಸಲದ ಮೇಲೆ ನಿಂತಿತ್ತು.

ಶಹಾಪುರದಲ್ಲಿ ಬಸ್ಸಿಳಿದು ನೇರವಾಗಿ ಅಣ್ಣನ ಮನೆಗೆ ಹೋದೆ. ವೈನಿ ಈಗ ಅರವತ್ತರ ಹತ್ತಿರದವರು. ಹಳೆಯ ಪದಬಂಧಗಳನ್ನು ನೋಡಬೇಕಿತ್ತು ಎಂದೆ. ಯಾಕೆ ಎಂದು ಕೇಳದೆ ಒಳಕೋಣೆಯ ಟ್ರಂಕು ತೋರಿಸಿದರು. ತೆರೆದರೆ ವರ್ಷಕ್ಕೊಂದು ಕಟ್ಟು, ಅಂಗಡಿಯ ಬಟ್ಟೆಯಂಚಿನಿಂದ ಕಟ್ಟಿದ್ದು. ನೆಲದ ಮೇಲೆ ಹರವಿಕೊಂಡು ಕುಳಿತೆ.

ನನ್ನ ಹಾಳೆ ಸಿಗಲು ಒಂದೂವರೆ ತಾಸು ಬೇಕಾಯಿತು. ಹೂವಿನ ಹೆಸರು ಇತ್ತು, ನನ್ನದೇ ಅಕ್ಷರ, ಪೆನ್ನಿನಲ್ಲಿ. ಆದರೆ ಪುರವಣಿಯ ತಾರೀಕು ಜನವರಿಯದು. ಸಂಕ್ರಾಂತಿಯ ಹಿಂದಿನ ವಾರ. ಶಹಾಪುರದಲ್ಲಿ ಜನವರಿಗೆ ಮಾವಿನಹಣ್ಣು ಎಲ್ಲಿಂದ ಬರಬೇಕು? ನಾನು ಆಣೆ ಮಾಡಬಲ್ಲೆ ಎಂದುಕೊಂಡಿದ್ದ ಒಂದೇ ಸಂಗತಿ ಸುಳ್ಳಾಯಿತು. ಉಂಡ ಸೀಕರಣೆ ಬೇರೆ ಯಾವುದೋ ವರ್ಷದ್ದು.

ಹುಡುಕುವಾಗ ಇನ್ನೊಂದು ಕಣ್ಣಿಗೆ ಬಿದ್ದಿತ್ತು. ಎಲ್ಲ ಹಾಳೆಗಳಲ್ಲೂ ವೈನಿಯ ದುಂಡು ಪೆನ್ಸಿಲ್ ಅಕ್ಷರ. ಅಲ್ಲೊಂದು ಇಲ್ಲೊಂದು ಹಾಳೆಯಲ್ಲಿ ಮಾತ್ರ ಒಂದು ಪದ ನೀಲಿ ಬಾಲ್‌ಪೆನ್ನಿನಲ್ಲಿ, ದಪ್ಪ ದಪ್ಪ ಅಕ್ಷರಗಳಲ್ಲಿ. ಅದು ಅಣ್ಣನ ಕೈ. ಅಣ್ಣ ಓದಿದ್ದು ಏಳನೇ ಇಯತ್ತೆ. ಪದಬಂಧದ ಒಂದು ಸುಳಿವನ್ನೂ ಅವನು ಬಿಡಿಸಿದ್ದು ನಾನು ಕಂಡಿಲ್ಲ. ವೈನಿಗೆ ಬಾರದ್ದನ್ನು ಇವನು ಹೇಗೆ ಬಿಡಿಸಿದ? ರೂಢಿಯಂತೆ ನೀಲಿ ಪದಗಳ ಪಟ್ಟಿ ಮಾಡಿದೆ. ನನ್ನ ಆ ಹೂವೇ ಹಲವು ಸಲ. ಉಳಿದವೆಲ್ಲ ನಾಲ್ಕಕ್ಷರದ ಒಂದು ದೇವರ ಹೆಸರು. ಬೇರೆ ಒಂದೂ ಇಲ್ಲ. ಒಂದು ಹಾಳೆಯಲ್ಲಿ ಆ ಹೂವಿಗೆ ಕೊಟ್ಟ ಸುಳಿವು "ಜಡೆಗೆ ಮುಡಿಯುವ ಬಿಳಿ ಹೂವು" ಎಂದಷ್ಟೇ ಇತ್ತು. ಅಂಗನವಾಡಿಯ ಮಗುವಿಗೂ ಬರುವಂಥದ್ದು. ಅದೂ ನೀಲಿಯಲ್ಲೇ.

ಆ ದೇವರ ಹೆಸರು ನಮ್ಮ ಅಪ್ಪನ ಹೆಸರು. ಆ ಹೂವಿನಿಂದ ಶುರುವಾಗುವುದು ನಮ್ಮ ಅಣ್ಣನ ಹೆಸರು.

ಯಾವ ಹೂವು ಎಂದು ನಾನೂ ಇಲ್ಲಿ ಬರೆಯುವುದಿಲ್ಲ. ಇದನ್ನು ವೈನಿ ಓದುತ್ತಾರೆ.

ಗಂಡನ ಹೆಸರನ್ನಾಗಲಿ ಮಾವನ ಹೆಸರನ್ನಾಗಲಿ ಹೆಂಗಸರು ಬಾಯಲ್ಲಿ ಹೇಳುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ವೈನಿ ಆ ಹೂವನ್ನು ಯಾವಾಗಲೂ "ಬಿಳಿ ಹೂ" ಎನ್ನುತ್ತಿದ್ದುದೂ ಗೊತ್ತಿತ್ತು, ಕೆಂಭಾವಿ ಕಡೆಯ ಮಾತೆಂದುಕೊಂಡಿದ್ದೆ. ಈ ನೇಮ ಬಾಯಿಗೆ ಮಾತ್ರ, ಪೆನ್ಸಿಲಿಗಲ್ಲ ಎಂದೂ ಅಂದುಕೊಂಡಿದ್ದೆ. ಅಣ್ಣನ ಪೂರ್ತಿ ಹೆಸರು ಅಂಗಡಿಯ ಬೋರ್ಡಿನ ಮೇಲಷ್ಟೇ ಇತ್ತು. ನನಗೆ ಅವನು ಅಣ್ಣ. ಮೂರು ಚೌಕ ತುಂಬುವಾಗ ನಾನು ಅವನ ಅರ್ಧ ಹೆಸರು ಬರೆಯುತ್ತಿದ್ದೇನೆ ಎಂದು ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಅಣ್ಣ ಊಟಕ್ಕೆ ಬಂದ. ಹರವಿದ ಕಾಗದಗಳನ್ನು ನೋಡಿ ಬಾಗಿಲಲ್ಲೇ ನಿಂತ.

"ಏನಿದು? ಪಂಚನಾಮಿ ಮಾಡಾಕತ್ತಾನೇನು ಇಂವಾ?"

"ನಂಗೇನ್ ಗೊತ್ರಿ. ಬಂದಾಗಿಂದ ಹಂಗ ಕುಂತಾನ. ಚಾ ಕೊಟ್ಟೆ, ಅದೂ ಆರಿ ಹೋಗ್ಯದ" ಎಂದರು ವೈನಿ.

ನನ್ನ ಹಾಳೆಯನ್ನು ವೈನಿಯ ಮುಂದೆ ಹಿಡಿದೆ. "ವೈನಿ, ಖರೇ ಹೇಳ್ರಿ. ಇದು ನಿಮಗ ಗೊತ್ತಿತ್ತೇನು?"

ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. "ಯಾಕ ಕೇಳಾಕತ್ತಿ?"

ಹೇಳಿದೆ. ಎಲ್ಲೆಲ್ಲಿ ಏನೇನು ಹೇಳಿಕೊಂಡು ಬಂದಿದ್ದೇನೆ ಎಂದು ಪೂರ್ತಿ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತರು.

"ನಂಗ ಬರ್ಲಿಲ್ಲಂತ ಹೇಳೀಯಾ?"

"ಹೌದ್ರಿ."

"ಎಷ್ಟು ಮಂದಿಗಿ?"

"ಲೆಕ್ಕ ಇಟ್ಟಿಲ್ರಿ."

"ಕೇಳ್ರಿಲ್ಲೆ. ತಲಿಗಿ ಮುಡಿಯೂ ಹೂವು ನಂಗ ಗೊತ್ತಿಲ್ಲಂತ ಯಾದಗಿರಿತನಕ ಡಂಗುರ ಹೊಡದಾನ ನಿಮ್ಮ ತಮ್ಮ. ಇಪ್ಪತ್ತೈದು ವರ್ಷ!"

"ಇವಂಗ ಇತಿಹಾಸ ಓದ್ಸಿದ್ದು ನಂದ ತಪ್ಪು" ಎಂದ ಅಣ್ಣ. "ಅಂಗಡ್ಯಾಗ ಕುಂದ್ರಿಸಿದ್ರ ಅಳತಿನಾದ್ರೂ ತಿಳೀತಿತ್ತು."

"ಹಂಗಾದ್ರ ಯಾಕ ಬರೀಲಿಲ್ರಿ?" ಎಂದು ಕೇಳಿದೆ, ಉತ್ತರ ಗೊತ್ತಿದ್ದೂ. "ಬಾಯಿಲೆ ಅನ್ನೂದಿಲ್ಲ, ಸರಿ. ಬರದ್ರೇನಾಗ್ತಿತ್ತು?"

"ಬರೀಬೇಕಾದ್ರ ಒಳಗ ಅಂದ್ಕೋಬೇಕಾಗ್ತದ. ಅಂದಂಗ ಆಗ್ತದಲಾ" ಎಂದರು.

ಈ ಪದ್ಧತಿಯನ್ನು ನಾನು ಒಪ್ಪುವವನಲ್ಲ. ಕಟ್ಟುಗಳಲ್ಲಿ ವೈನಿಯ ಹೆಸರೂ ಎರಡು ಸಲ ಉತ್ತರವಾಗಿ ಬಂದಿತ್ತು, ಅದನ್ನು ಅವರೇ ಪೆನ್ಸಿಲಿನಲ್ಲಿ ತುಂಬಿಕೊಂಡಿದ್ದರು. ಗಂಡಸಿಗೆ ಇಲ್ಲದ ನೇಮ ಹೆಂಗಸಿಗೆ ಯಾಕೆ ಎಂದು ಹಾಸ್ಟೆಲಿನ ದಿನಗಳಲ್ಲಿ ವಾದ ಹೂಡುತ್ತಿದ್ದೆ, ಈಗಲೂ ಹೂಡುತ್ತೇನೆ. ಆದರೆ ನನ್ನ ಮುಂದಿದ್ದ ಪ್ರಶ್ನೆ ಅದಾಗಿರಲಿಲ್ಲ. ಅಣ್ಣನ ಕಡೆ ತಿರುಗಿದೆ.

"ಅಣ್ಣಾ, ಈ ನೀಲಿ ಅಕ್ಷರ ನಿಂದಲ್ಲ? ಸುಳಿವು ನೀ ಹ್ಯಾಂಗ ಬಿಡಿಸ್ತಿದ್ದಿ?"

"ನಾ ಎಲ್ಲಿ ಬಿಡಿಸ್ಲೋ? ಖಾಲಿ ಬಿಟ್ಟಾಳಂದ್ರ ಮನಿಯವರದ ಹೆಸರು. ಮೂರು ಚೌಕ ಇದ್ರ ನಂದು, ನಾಕಿದ್ರ ಅಪ್ಪಂದು. ತುಂಬ್ತಿದ್ದೆ."

"ವೈನಿ ಹೇಳ್ತಿದ್ರೇನು, ತುಂಬ್ರಿ ಅಂತ?"

"ಏನೂ ಹೇಳ್ತಿದ್ದಿಲ್ಲ. ತಾಟಿನ ಬಾಜೂಕ ಪೇಪರ ಇಟ್ಟಿರ್ತಿದ್ಳು. ಉಳದ ವಾರ ಇಡ್ತಿದ್ದಿಲ್ಲ." ಅಣ್ಣ ಕೈ ತೊಳೆದುಕೊಂಡು ಬಂದು ಕುಳಿತ. "ವರ್ಷದಾಗ ಒಂದೋ ಎರಡೋ ಬರ್ತಿದ್ವು. ಕೆಲವು ವರ್ಷ ಅದೂ ಇಲ್ಲ. ಐತವಾರ ಅಂಗಡ್ಯಾಗ ಬಟ್ಟಿ ಥಾನು ಬಿಚ್ಚೂವಾಗ ಅದ ವಿಚಾರ ಇರ್ತಿತ್ತು. ಇವತ್ತು ನಂದು ಬಂದದೋ ಇಲ್ಲೋ ಅಂತ."

ಕಟ್ಟುಗಳನ್ನೇ ನೋಡುತ್ತ ಕುಳಿತೆ. ಇಷ್ಟು ಸಾವಿರ ಚೌಕಗಳಲ್ಲಿ ವೈನಿ ಬಿಟ್ಟ ಒಂದೊಂದು ಖಾಲಿ ಜಾಗಕ್ಕೂ ಒಬ್ಬ ಓದುಗನಿದ್ದ. ಅವನಿಗೆ ಒಂದೇ ಸುಳಿವು ಬರುತ್ತಿತ್ತು, ಅದನ್ನು ಅವನು ಒಮ್ಮೆಯೂ ತಪ್ಪು ಬಿಡಿಸಿರಲಿಲ್ಲ. ಇಬ್ಬರೂ ಇದರ ಬಗ್ಗೆ ಮಾತಾಡಿಕೊಂಡೇ ಇರಲಿಲ್ಲ. ಅದೇ ಮನೆಯಲ್ಲಿ ಉಂಡು, ಮಲಗಿ, ಅದೇ ಹಾಳೆಗಳನ್ನು ತಿರುವಿ ಹಾಕಿದ ನನಗೆ ಇದು ಕಂಡಿರಲಿಲ್ಲ. ಸುಳಿವು ಬಿಡಿಸಿ ಹೇಳುವುದು ನನ್ನ ಕೆಲಸ ಎಂದುಕೊಂಡಿದ್ದೆ.

"ಆ ದಿನ ನಾ ತುಂಬಿದ್ದು ನೋಡಿ ನೀ ಬೆನ್ನು ತಟ್ಟಿದ್ದಿ" ಎಂದೆ.

"ನಾನಾ? ಇಲ್ಲೋ."

"ಸಿಟ್ಟು ಬಂದಿತ್ತೇನು?"

"ಸಿಟ್ಟೇನು. ಒಂದ ರೊಟ್ಟಿ ಕಮ್ಮಿ ಉಂಡೆ" ಎಂದು ಅಣ್ಣ ತಾಟಿನ ಕಡೆ ಬಾಗಿದ.

"ಎರಡು" ಎಂದರು ವೈನಿ. "ಎರಡು ರೊಟ್ಟಿ ಉಳದಿದ್ವು. ನಂಗ ನೆನಪದ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಣ್ಣಂದು ಹೋಗ್ಲಿ. ಅದು ಆಗಿ ಹೋತು. ನಂದು ಹೇಳು. ಯಾರ್ಯಾರಿಗಿ ಹೇಳೀದಿ, ಅಷ್ಟೂ ಮಂದಿಗಿ ಹೋಗಿ ತಿರಗಿ ಹೇಳ್ಬೇಕು, ಆಕಿಗಿ ಬರ್ತಿತ್ತು ಅಂತ. ಹ್ಯಾಂಗ ಬಿಡಿಸ್ಬೇಕಂತ್ಲೂ ಹೇಳು, ನಂಗ ಗೊತ್ತದ ಅಂತ ತಿಳೀಲಿ." ಎಂದು, ಆ ಹಾಳೆಯ ಸುಳಿವನ್ನು ಓದದೆಯೇ ಬಾಯಿಪಾಠ ಹೇಳಿ, ಯಾವ ಪದದ ಬಾಲ ತೆಗೆದು ಯಾವುದರ ತಲೆಗೆ ಹಚ್ಚಬೇಕೆಂದು ಬಿಡಿಸಿ ವಿವರಿಸಿದರು. ಮೂರನೆಯ ಅಕ್ಷರದ ಹತ್ತಿರ ಬಂದು ನಿಲ್ಲಿಸಿದರು. ನಾನು ಆ ಹೂವನ್ನು ಮುಟ್ಟಿದ್ದು ಸುತ್ತಲಿನ ಪದಗಳಿಗೆ ಯಾವ ಎರಡು ಅಕ್ಷರ ಕಮ್ಮಿ ಬಿದ್ದಿವೆ ಎಂದು ನೋಡಿ, ಊಹೆಯಿಂದ. ಸುಳಿವು ಹಾಗೆ ಬಿಚ್ಚಿಕೊಳ್ಳುತ್ತದೆಂದು ತಿಳಿದದ್ದು ಅಂದೇ. ಆ ಸುತ್ತಲಿನ ಪದಗಳನ್ನು ತುಂಬಿಟ್ಟವರೂ ಅವರೇ.

ಮುಂದಿನ ಭಾನುವಾರ ಯಾದಗಿರಿಯಲ್ಲಿ ಎಲ್ಲವನ್ನೂ ಹೇಳಿದೆ. ಪ್ರಶ್ನೆ ಕೇಳಿದ್ದ ಹುಡುಗಿ ಗಲ್ಲಕ್ಕೆ ಕೈಯಿಟ್ಟು ಕೇಳಿದಳು.

"ಹಂಗಾದ್ರ ನೀವು ಬಿಡಿಸಿದ್ದು ಯಾವ್ದ್ರಿ ಸರ್?"

"ಯಾವ್ದೂ ಇಲ್ಲವ್ವ. ತುಂಬಿದ್ದೆ, ಅಷ್ಟ."

ಯಾರೂ ನಗಲಿಲ್ಲ. ಮಾಳಿಗೆಯ ಮೇಲೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ ಇತ್ತು. ನಾನು ಪಡೆಯಲು ಹಂಬಲಿಸುತ್ತಿದ್ದ ಉದ್ಗಾರ ಅಂದು ಬರಲಿಲ್ಲ. ಅದಕ್ಕಿಂತ ದೊಡ್ಡದೇನೋ ಆ ಮೌನದಲ್ಲಿ ಇತ್ತು ಎಂದು ಬರೆಯಬಹುದು. ಆದರೆ ಮೌನಕ್ಕೆ ಅರ್ಥ ಹಚ್ಚುವ ವಿಷಯದಲ್ಲಿ ನನ್ನ ಮಾತನ್ನು ನಂಬಬೇಡಿ.

ಹಳೆಯ ವಿದ್ಯಾರ್ಥಿಗಳಿಗೆ ಫೋನು ಹಚ್ಚತೊಡಗಿದೆ. ಮೊದಲನೆಯವನು ಈಗ ಕಚೇರಿಯೊಂದರಲ್ಲಿ ಗುಮಾಸ್ತ. ಪೂರ್ತಿ ಕೇಳಿಸಿಕೊಂಡು, "ಸರ್, ನೀವು ನಮಗ ಹೇಳಿದ್ದು ಹಂಗಲ್ರಿ. ವೈನಿ ಬಿಡಿಸಿದ್ರು, ನಿಮಗ ಬರ್ಲಿಲ್ಲಂತ ಹೇಳಿದ್ರಿ" ಎಂದ. ವಾದ ಮಾಡಿದೆ. ಅವನು ಒಪ್ಪಲಿಲ್ಲ. ವನದುರ್ಗದಲ್ಲಿ ಶಿಕ್ಷಕಿಯಾಗಿರುವ ಒಬ್ಬಳಿಗೆ ಪಗಡೆ ನೆನಪಿತ್ತು, ಹೂವಿನ ಕತೆಯೇ ಕೇಳಿಲ್ಲ ಎಂದಳು. ಇನ್ನೊಬ್ಬ, "ಅದು ನಿಮ್ಮ ಅಣ್ಣಾರು ಬಿಡಿಸಿದ್ದಲ್ರಿ?" ಎಂದ. ಅವನಿಗೆ ಹಾಗೆಂದು ಯಾರು ಹೇಳಿದರೋ. ನಾನೇ ಯಾವಾಗಲಾದರೂ ಹೇಳಿದ್ದೆನೇ? ನನಗೆ ಗೊತ್ತಿಲ್ಲ.

ಹದಿನೈದು ದಿನ ಬಿಟ್ಟು ವೈನಿಗೆ ವರದಿ ಒಪ್ಪಿಸಲು ಹೋದೆ.

"ಹೇಳ್ದೇನು?"

"ಹೇಳಿದ್ನಿರಿ. ಯಾದಗಿರ್ಯಾಗ ಎಲ್ರಿಗೂ ಹೇಳಿದೆ. ಹಳೇ ಹುಡುಗ್ರಿಗಿ ಫೋನ್ ಮಾಡಾಕತ್ತೇನಿ. ಒಬ್ಬೊಬ್ರು ಒಂದೊಂದು ಹೇಳ್ತಾರ. ನಿಮಗ ಬರ್ಲಿಲ್ಲಂತ ಯಾರಿಗೂ ನೆನಪಿಲ್ರಿ."

ಬಿಡು ಹಾಗಾದರೆ ಎನ್ನುತ್ತಾರೆ ಎಂದು ಕಾದೆ. ವೈನಿ ಕೈಯಲ್ಲಿದ್ದ ಪುರವಣಿಯಿಂದ ತಲೆ ಎತ್ತಲಿಲ್ಲ.

"ಇನ್ನ ಎಷ್ಟು ಮಂದಿ ಉಳದಾರ?" ಎಂದರು.